ನೊಗ ಇಳಿಸುವ ವಾರ

ಶಿರಾ ಸೀಮೆಯಲ್ಲಿ ಎತ್ತು ಕಟ್ಟಿರುವ ಮನೆಗಳು ಈಗ ಕಮ್ಮಿ. ಇರುವವರು ಮಾತ್ರ ಸೋಮವಾರ ಆರು ಕಟ್ಟುವುದಿಲ್ಲ. ಅದು ಬಸವಣ್ಣನ ದಿನ. ಹೊಲ ಎಷ್ಟೇ ಹದಕ್ಕೆ ಬಂದಿರಲಿ, ಪಕ್ಕದವನ ಬಿತ್ತನೆ ಅರ್ಧ ಮುಗಿದೇ ಹೋಗಿರಲಿ, ಎತ್ತಿನ ಹೆಗಲ ಮೇಲೆ ನೊಗ ಬೀಳುವುದು ಮಂಗಳವಾರವೇ. ಇದನ್ನು ಯಾರೂ ಕಾನೂನು ಮಾಡಿಲ್ಲ, ಮುರಿದವನಿಗೆ ದಂಡ ಹಾಕುವವರೂ ಇಲ್ಲ. "ಏನಪ್ಪಾ, ಸೋಮಾರ ಹೂಡಿದ್ದೀಯ?" ಎಂದು ಅರಳಿಕಟ್ಟೆಯಿಂದ ಒಂದು ದನಿ ಬಂದರೆ ಸಾಕು. ಟ್ರ್ಯಾಕ್ಟರಿಗೆ ಈ ಮಾತು ನಾಟುವುದಿಲ್ಲ. ಗಂಟೆ ಲೆಕ್ಕದ ಬಾಡಿಗೆ, ತಿಂಗಳ ಕಂತು. ಅದು ಸೋಮವಾರವೂ ಉಳುತ್ತದೆ, ಹಬ್ಬದ ದಿನವೂ ಉಳುತ್ತದೆ. ಅದರ ಮೇಲೆ ಕೂತ ಹುಡುಗನ ಹೆಗಲು ಸವೆದಿದೆಯೇ ಎಂದು ಮುಟ್ಟಿ ನೋಡುವವರಿಲ್ಲ.

ಕ್ರೈಸ್ತರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನದ ಬಗ್ಗೆ ಬರೆಯಲು ಕೂತವನು ಎತ್ತಿನಿಂದ ಶುರು ಮಾಡಿದ್ದಕ್ಕೆ ಕಾರಣ ಬೈಬಲ್ಲಿನಲ್ಲೇ ಇದೆ. ದಶಾಜ್ಞೆಗಳು ಅಲ್ಲಿ ಎರಡು ಕಡೆ ಬರುತ್ತವೆ, ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಒಮ್ಮೆ, ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ. ಸಬ್ಬತ್ತಿನ ಆಜ್ಞೆ ಎರಡರಲ್ಲೂ ಇದೆ, ಕೊಡುವ ಕಾರಣ ಮಾತ್ರ ಬೇರೆ. ಮೊದಲನೆಯದರಲ್ಲಿ ಸೃಷ್ಟಿಯ ಲೆಕ್ಕ: ದೇವರು ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಿದನು, ನೀವೂ ಹಾಗೆ ಮಾಡಿ. ಎರಡನೆಯದರಲ್ಲಿ ಗುಲಾಮಗಿರಿಯ ನೆನಪು: ಐಗುಪ್ತ ದೇಶದಲ್ಲಿ ನೀವೂ ಜೀತಕ್ಕಿದ್ದವರೇ, ಆದ್ದರಿಂದ ನಿಮ್ಮ ಆಳಿಗೂ ದಾಸಿಗೂ ಬಿಡುವು ಕೊಡಿ. ಇವೆರಡಕ್ಕಿಂತ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ವಿಮೋಚನಕಾಂಡದ 23ನೆಯ ಅಧ್ಯಾಯದ ಹನ್ನೆರಡನೆಯ ವಾಕ್ಯ. ಏಳನೆಯ ದಿನ ಕೆಲಸ ಯಾಕೆ ನಿಲ್ಲಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಾಗಿ ಬರುವವರ ಸಾಲು ಹೀಗಿದೆ: ಮೊದಲು ಎತ್ತು, ಆಮೇಲೆ ಕತ್ತೆ, ಆಮೇಲೆ ದಾಸಿಯ ಮಗ, ಕೊನೆಗೆ ಪರದೇಶಿ. ಹೊಲದ ಯಜಮಾನನ ದಣಿವಿನ ಮಾತೇ ಅಲ್ಲಿಲ್ಲ. ಅವನು ಕೈ ಕಟ್ಟಿ ಕೂರಬೇಕಾದ್ದು ಇವರೆಲ್ಲ ಉಸಿರು ಬಿಡಲಿ ಎಂದು.

ಈಗ ನಮ್ಮ ನಡುವೆ ಸಬ್ಬತ್ತಿನ ಮಾತು ಬರುವುದು ಹೀಗಲ್ಲ. ಯೂಟ್ಯೂಬಿನ ಪ್ರಸಂಗಗಳಲ್ಲಿ, ಬೆಂಗಳೂರಿನ ಸಭೆಗಳ ರಿಟ್ರೀಟುಗಳಲ್ಲಿ ಅದೊಂದು ಒತ್ತಡದ ಮದ್ದು. ಮೊಬೈಲ್ ಆರಿಸಿ, ಒಂದು ಕಪ್ ಕಾಫಿ ಹಿಡಿದು ಬಾಲ್ಕನಿಯಲ್ಲಿ ಕೂತು ದೇವರನ್ನು ನೆನೆಯಿರಿ, ಸೋಮವಾರ ಇನ್ನೂ ಚೆನ್ನಾಗಿ ದುಡಿಯುತ್ತೀರಿ. ತಪ್ಪೇನಲ್ಲ. ಆದರೆ ಆ ಕಾಫಿಯ ಹಾಲು ಅಂದು ಬೆಳಿಗ್ಗೆ ಬಾಗಿಲಿಗೆ ಬಂತಲ್ಲ, ತಂದವನ ಭಾನುವಾರ ಯಾವಾಗ? ಇದನ್ನು ಕೇಳಿಕೊಳ್ಳದ ಸಬ್ಬತ್ತಿಗೂ ರೆಸಾರ್ಟಿನ ವಾರಾಂತ್ಯಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಯೆಹೂದ್ಯರ ಸಬ್ಬತ್ ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ಸೂರ್ಯ ಮುಳುಗುವವರೆಗೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಇಂದಿಗೂ ಅದನ್ನೇ ಪಾಲಿಸುತ್ತಾರೆ. ಉಳಿದ ಬಹುಪಾಲು ಕ್ರೈಸ್ತರು ಯೇಸು ಎದ್ದ ದಿನವೆಂದು ಭಾನುವಾರವನ್ನು ಕರ್ತನ ದಿನವಾಗಿ ಆಚರಿಸುತ್ತಾ ಬಂದು, ನಿಧಾನವಾಗಿ ಸಬ್ಬತ್ತಿನ ವಿಶ್ರಾಂತಿಯನ್ನೂ ಅದರ ಮೇಲೆ ಇಳಿಸಿದರು. ಈ ಶನಿವಾರ, ಭಾನುವಾರದ ಜಗಳ ಬಹಳ ಹಳೆಯದು, ಇಲ್ಲಿ ಅದು ಬೇಡ. ಶಿರಾದಂಥ ಮಳೆಯಾಶ್ರಿತ ಊರಿನಲ್ಲಿ ನಿಜವಾದ ಜಗಳ ಬೇರೆಯೇ ಇದೆ.

ಅದು ಬಿತ್ತನೆಯದು. ಇಲ್ಲಿಯ ಕೆಂಪು ಮರಳುಮಿಶ್ರಿತ ನೆಲಕ್ಕೆ ಕಡಲೆಕಾಯಿಯೇ ಜೀವ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಒಂದು ಒಳ್ಳೆಯ ಹದ ಸಿಕ್ಕಿತೆಂದರೆ ಆ ಹಸಿ ಮೂರು ನಾಲ್ಕು ದಿನ ನಿಂತರೆ ಹೆಚ್ಚು. ಮೇಲಿನ ಮಣ್ಣು ಬೆಳ್ಳಗಾಗುತ್ತಾ ಬಂದಂತೆ ರೈತನ ಮುಖವೂ ಬೆಳ್ಳಗಾಗುತ್ತದೆ. ಮಳೆ ಗುರುವಾರ ರಾತ್ರಿ ಬಂತು ಎಂದುಕೊಳ್ಳಿ. ಶುಕ್ರವಾರ ಕಾಲಿಟ್ಟರೆ ಹೂತುಹೋಗುವ ಕೆಸರು. ಶನಿವಾರ ಬೀಜ ಸುಲಿದು, ಆರಿಸಿ, ಔಷಧಿ ಹಚ್ಚುವ ಹೊತ್ತಿಗೆ ಸಂಜೆ. ಭಾನುವಾರ ಹದ ಕೈಗೆ ಸಿಕ್ಕಿದೆ: ಒಂದು ಹಿಡಿ ಮಣ್ಣು ಹಿಸುಕಿದರೆ ಉಂಡೆ ಕಟ್ಟುತ್ತದೆ, ಬೆರಳಿಗೆ ಅಂಟುವುದಿಲ್ಲ. ನೇಗಿಲ ಹಿಂದೆ ಸಾಲಿಗೆ ಬೀಜ ಬಿಡುವ ಹೆಂಗಸರು ಅಂದು ಸಿಕ್ಕರೆ ಸಿಕ್ಕರು, ಮಾರನೆಯ ದಿನ ಬೇರೆಯವರ ಹೊಲದಲ್ಲಿರುತ್ತಾರೆ. ಅತ್ತ ಚರ್ಚಿನ ಗಂಟೆ ಹೊಡೆಯುತ್ತಿದೆ. ಎತ್ತು ಇದ್ದವನಾದರೆ ಅವನ ಕಷ್ಟ ಇಮ್ಮಡಿ, ಸೋಮವಾರ ಅದೂ ಬರುವುದಿಲ್ಲ!

ಏನು ಮಾಡಬೇಕು? ಬೈಬಲ್ಲನ್ನು ಕೇಳಿದರೆ ಅದು ಸಲೀಸಾಗಿ ಬಿಡುವುದಿಲ್ಲ. ಉಳುವ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ಏಳನೆಯ ದಿನ ನಿಲ್ಲಿಸಲೇಬೇಕೆಂದು ವಿಮೋಚನಕಾಂಡದ 34ನೆಯ ಅಧ್ಯಾಯ ಬೆರಳಿಟ್ಟು ಹೇಳುತ್ತದೆ. ರೈತ ಎಲ್ಲಿ ನೆಪ ಹುಡುಕುತ್ತಾನೆ ಎಂಬುದು ಬರೆದವರಿಗೆ ಗೊತ್ತಿತ್ತು. ಮುಂದೆ ಯೆಹೂದಿ ಪಂಡಿತರು ಸಬ್ಬತ್ತಿನಲ್ಲಿ ಮಾಡಬಾರದ 39 ಬಗೆಯ ಕೆಲಸಗಳ ಪಟ್ಟಿ ಮಾಡಿದಾಗ ಅದರ ತಲೆಯಲ್ಲೇ ಬಿತ್ತುವುದು, ಉಳುವುದು, ಕೊಯ್ಯುವುದು ಇಟ್ಟರು. ಹೊಟ್ಟೆಗೆ ಬೀಳುವ ರೊಟ್ಟಿಯ ಇಡೀ ದಾರಿ ಆ ಪಟ್ಟಿಯಲ್ಲಿದೆ.

ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನದು ಇದಕ್ಕೆ ತದ್ವಿರುದ್ಧ. ಅವನು 321ರ ಮಾರ್ಚ್ 7ರಂದು ಭಾನುವಾರದ ರಜೆಯ ಕಾನೂನು ತಂದ. ನ್ಯಾಯಾಧೀಶರು, ಪಟ್ಟಣದವರು, ಕುಶಲಕರ್ಮಿಗಳು ಎಲ್ಲರೂ ಅಂದು ಬಿಡುವಿನಲ್ಲಿರಬೇಕು, ಬೇಸಾಯಗಾರರು ಮಾತ್ರ ತಮ್ಮ ಕೆಲಸ ಮಾಡಿಕೊಳ್ಳಬಹುದು. ಕಾಳು ಬಿತ್ತಲು, ಬಳ್ಳಿ ನೆಡಲು ತಕ್ಕ ಹೊತ್ತು ಬಹಳ ಸಲ ಆ ದಿನವೇ ಬಂದುಬಿಡುತ್ತದೆ, ಕೈತಪ್ಪಿದರೆ ಮತ್ತೆ ಬರುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ. ಶಿರಾದ ರೈತನೊಬ್ಬ ಅವನ ಆಸ್ಥಾನದಲ್ಲಿದ್ದನೇನೋ ಅನ್ನಿಸುತ್ತದೆ. ಇನ್ನೂರು ಚಿಲ್ಲರೆ ವರ್ಷದ ಮೇಲೆ, 538ರಲ್ಲಿ, ಫ್ರಾನ್ಸಿನ ಓರ್ಲೆಯಾನಿನಲ್ಲಿ ಸೇರಿದ ಬಿಷಪರು ಈ ಸಡಿಲಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು: ಭಾನುವಾರ ಪ್ರಯಾಣ ಮಾಡಬಹುದು, ಅಡುಗೆ ಮಾಡಬಹುದು, ಆದರೆ ಉಳುಮೆ, ಕೊಯ್ಲು, ಬೇಲಿ ಕೆಲಸ ಕೂಡದು, ಜನ ಚರ್ಚಿಗೆ ಬರಲಿ. ಅಂತೂ ಹದದ ಪ್ರಶ್ನೆ ಸಾವಿರದೇಳುನೂರು ವರ್ಷದಿಂದ ಅಲ್ಲಲ್ಲೇ ಸುತ್ತುತ್ತಿದೆ.

ಯೇಸುವಿನ ಮಾತನ್ನು ಎಲ್ಲರೂ ತಮಗೆ ಬೇಕಾದ ಕಡೆ ಎಳೆಯುತ್ತಾರೆ. ಶಿಷ್ಯರು ಸಬ್ಬತ್ತಿನ ದಿನ ಹಸಿದು ಪೈರಿನ ನಡುವೆ ತೆನೆ ಮುರಿದು ತಿಂದಾಗ ಫರಿಸಾಯರು ಆಕ್ಷೇಪಿಸಿದರು. ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂದು ಅವನು ಅವರ ಬಾಯಿ ಮುಚ್ಚಿಸಿದ. ಲೂಕನ ಸುವಾರ್ತೆಯಲ್ಲಿ ಮತ್ತೆ ಎತ್ತು ಬರುತ್ತದೆ: ನಿಮ್ಮ ಎತ್ತು ಸಬ್ಬತ್ತಿನಲ್ಲಿ ಬಾವಿಗೆ ಬಿದ್ದರೆ ಮೇಲಕ್ಕೆತ್ತುವುದಿಲ್ಲವೇ ಎಂದು ಕೇಳುತ್ತಾನೆ. ಈ ಬಾವಿ ನಮ್ಮಲ್ಲಿ ಬಹಳ ಜನಪ್ರಿಯ. ಅಂಗಡಿ ತೆರೆಯುವವನಿಗೂ ಬಾವಿ, ಟ್ಯೂಷನ್ ಮಾಡುವವನಿಗೂ ಬಾವಿ, ಸೈಟಿನ ವ್ಯವಹಾರ ಕುದುರಿಸುವವನಿಗೂ ಬಾವಿ. ಎತ್ತು ಪ್ರತಿ ಭಾನುವಾರವೂ ಬೀಳುತ್ತಿದ್ದರೆ ಬಾವಿಗೆ ಕಟ್ಟೆ ಕಟ್ಟಿಸಯ್ಯಾ ಎಂದು ಗೇಲಿ ಮಾಡುವ ಪಾದ್ರಿಗಳೂ ಇದ್ದಾರೆ, ಸದ್ಯ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಸಿಗುವ ಹದ ಭಾನುವಾರವೇ ಬಂದರೆ ಅದು ನಿಜವಾಗಿಯೂ ಬಾವಿಗೆ ಬಿದ್ದ ಎತ್ತು. ಬೆಳಗಿನ ಜಾವ ಪ್ರಾರ್ಥನೆ ಮುಗಿಸಿಕೊಂಡು ಹೊಲಕ್ಕೆ ಹೋಗುವುದರಲ್ಲಿ ನನಗೆ ಪಾಪ ಕಾಣುವುದಿಲ್ಲ. ಇಲ್ಲಿಯ ಬೇಸಾಯ ಬಲ್ಲ ಯಾವ ಸಭಾಪಾಲಕನೂ ಅದಕ್ಕೆ ಮುಖ ಸಿಂಡರಿಸಲಾರ. ಕೊಟ್ಟಿಗೆಯ ಕೆಲಸಕ್ಕಂತೂ ಮೊದಲಿಂದಲೂ ರಿಯಾಯಿತಿ ಇದೆ, ಹಸು ಕೆಚ್ಚಲು ತುಂಬಿ ಅರಚುವಾಗ ಯಾವ ದೇವತಾಶಾಸ್ತ್ರವೂ ನಡೆಯುವುದಿಲ್ಲ. ಆದರೆ ಕೊಳವೆಬಾವಿ ಕೊರೆಸಿ ಅಡಿಕೆ ಇಟ್ಟವರ ಕಥೆ ಬೇರೆ. ಅಲ್ಲಿ ಹದದ ಅವಸರವಿಲ್ಲ, ತ್ರೀ ಫೇಸ್ ಕರೆಂಟಿನ ಅವಸರವಿದೆ. ಅದು ರಾತ್ರಿ ಪಾಳಿಗೆ ಬಂದರೆ ರಾತ್ರಿ, ಭಾನುವಾರ ಬಂದರೆ ಭಾನುವಾರ, ಟಾರ್ಚು ಹಿಡಿದು ಹೊರಡಬೇಕು. ಈ ಅವಸರಕ್ಕೆ ಋತುವಿಲ್ಲ, ಕೊನೆಯೂ ಇಲ್ಲ. ಮಳೆಯ ಅವಸರ ಬಿತ್ತಿದ ಮೇಲೆ ಮುಗಿಯುತ್ತಿತ್ತು.

ಇನ್ನು ಆ ಬೀಜ ಬಿಡುವ ಹೆಂಗಸರ ಮಾತು. ಯಜಮಾನನಿಗೆ ಭಾನುವಾರ ರಜೆ ಎಂದರೆ ಬಿಡುವು, ಕೂಲಿಯವಳಿಗೆ ರಜೆ ಎಂದರೆ ಕೂಲಿ ಖೋತಾ. ಈ ಜಿಲ್ಲೆಯ ಸಭೆಗಳಲ್ಲಿ ಭೂಮಿಯಿಲ್ಲದ ಮನೆಗಳು ಬೇಕಾದಷ್ಟಿವೆ. ಅವರಿಗೆ ವಿಶ್ರಾಂತಿಯ ಸೊಬಗಿನ ಬಗ್ಗೆ ಪ್ರಸಂಗ ಮಾಡುವುದು ಹೊಟ್ಟೆ ತುಂಬಿದವರ ಕೆಲಸ. ಇದಕ್ಕೆ ಬೈಬಲ್ ಕೊಡುವ ಉತ್ತರ ಮನ್ನದ ಕಥೆಯಲ್ಲಿದೆ. ಅರಣ್ಯದಲ್ಲಿ ಹಸಿದ ಇಸ್ರಾಯೇಲರಿಗೆ ಬೆಳಗಾಗುತ್ತಿದ್ದಂತೆ ನೆಲದ ಮೇಲೆ ಮನ್ನ ಬಿದ್ದಿರುತ್ತಿತ್ತು. ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕು. ಆಸೆ ಬಿದ್ದು ಇಟ್ಟುಕೊಂಡರೆ ಮಾರನೆಯ ದಿನ ಹುಳ ಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡು ಪಟ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಅಂದರೆ ಏಳನೆಯ ದಿನದ ಊಟ ಆರನೆಯ ದಿನವೇ ಕೈ ಸೇರಿರುತ್ತಿತ್ತು. ಕೂಲಿಯ ಭಾಷೆಯಲ್ಲಿ ಹೇಳುವುದಾದರೆ ವೇತನಸಹಿತ ರಜೆ. ದಶಾಜ್ಞೆಗಳು ಸೀನಾಯಿ ಬೆಟ್ಟದಲ್ಲಿ ಮೋಶೆಯ ಕೈಗೆ ಬರುವ ಮೊದಲೇ ಈ ಏರ್ಪಾಡು ಬಂದಿದೆ ಎಂಬುದನ್ನು ಗಮನಿಸಬೇಕು. ಮೊದಲು ಊಟ, ಆಮೇಲೆ ಆಜ್ಞೆ.

ಮನ್ನದ ಕಥೆ ಓದುವಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಅವಳು ವಾಪಸು ಕಳಿಸಿದಳು. ಕಾಯಕದ ನಾಡಿನಲ್ಲಿ ದುಡಿಮೆಯ ಹೊಗಳಿಕೆಯನ್ನು ಎತ್ತಿಕೊಂಡಷ್ಟು ಉತ್ಸಾಹದಿಂದ ಲಕ್ಕಮ್ಮನ ಈ 'ಸಾಕು' ಅನ್ನುವುದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಇನ್ಫೊಸಿಸ್‌ನ ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿಯ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸಲಾಗದಿರುವುದಕ್ಕೆ ತಮಗೆ ವಿಷಾದವಿದೆ ಎಂದು ಅವರು ಸಿಬ್ಬಂದಿಗೆ ಹೇಳಿದ್ದರು. ಇಸ್ರಾಯೇಲರನ್ನು ಜೀತಕ್ಕಿಟ್ಟ ಐಗುಪ್ತದ ಫರೋಹನೂ ಇಷ್ಟು ನೇರವಾಗಿ ಹೇಳಿರಲಿಲ್ಲ, ಬರೀ ಇಟ್ಟಿಗೆಯ ಲೆಕ್ಕ ಕೇಳುತ್ತಿದ್ದ.

ಬಿಡುವಿಗೆ ಕೂಲಿ ಕೊಡಬೇಕೆಂಬುದು ಬರೀ ಧರ್ಮದ ಆಸೆಯಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 13ನೆಯ ಕಲಮಿನಲ್ಲಿಯೇ ಏಳು ದಿನಕ್ಕೊಂದು ಬಿಡುವು ಮತ್ತು ಆ ದಿನದ ಸಂಬಳ ಗೊತ್ತುಮಾಡುವ ಅವಕಾಶವಿತ್ತು. ಕಡಲೆಕಾಯಿ ಹೊಲದ ಬದುವಿನವರೆಗೆ ಅದು ನಡೆದು ಬಂದದ್ದನ್ನು ನಾನು ಕಂಡಿಲ್ಲ. ಕೂಲಿ ಇಲ್ಲದ ಬಿಡುವು ಎಂಥದು ಎಂದು ನೋಡಬೇಕಾದರೆ ಪಾವಗಡಕ್ಕೆ ಹೋಗಬೇಕು. ತಿರುಮಣಿಯ ಸುತ್ತ ಐದು ಹಳ್ಳಿಗಳ 13,000 ಎಕರೆಯಲ್ಲಿ ಹರಡಿಕೊಂಡ, 2018ರಲ್ಲಿ ಶುರುವಾದ ಸೋಲಾರ್ ಪಾರ್ಕು ಈಗ 2,050 ಮೆಗಾವ್ಯಾಟ್‌ನದು. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ. ಬರದ ನಾಡಿನಲ್ಲಿ ಅದು ಕಮ್ಮಿಯೇನಲ್ಲ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದವರಿಗೆ ಮಾತ್ರ ವಾರದ ಏಳೂ ದಿನ ಬಿಡುವು. ಏಳು ವರ್ಷಕ್ಕೊಮ್ಮೆ ಭೂಮಿಯನ್ನು ಬೀಳು ಬಿಡಬೇಕು ಎನ್ನುವ ಯಾಜಕಕಾಂಡದ 25ನೆಯ ಅಧ್ಯಾಯ, ಆ ವರ್ಷ ತಾನಾಗಿ ಬೆಳೆದದ್ದು ಆಳಿಗೆ, ಕೂಲಿಯವನಿಗೆ, ಪರದೇಶಿಗೆ ಆಹಾರವಾಗಲಿ ಎಂದೂ ಅದೇ ಉಸಿರಿನಲ್ಲಿ ಸೇರಿಸುತ್ತದೆ. ಪಾವಗಡದ ಬಿಸಿಲಿನ ಬೆಳೆಯಲ್ಲಿ ಕೂಲಿಯವನ ಪಾಲು ಎಷ್ಟು ಎಂದು ಯಾರಾದರೂ ಬರೆದಿಟ್ಟಿದ್ದಾರೆಯೇ?

ನಮ್ಮ ದೇಶಕ್ಕೆ ಭಾನುವಾರದ ರಜೆ ತಂದುಕೊಟ್ಟವರು ಮಿಷನರಿಗಳು ಎಂಬ ಹೆಮ್ಮೆ ಕೆಲವು ಕ್ರೈಸ್ತರಲ್ಲಿದೆ, ಅದೇ ಕಾರಣಕ್ಕೆ ಕೋಪ ಇನ್ನು ಕೆಲವರಲ್ಲಿದೆ. ಬ್ರಿಟಿಷರ ಕಚೇರಿಗಳ ಮಟ್ಟಿಗೆ ಅದು ನಿಜವಿರಬಹುದು. ಕೂಲಿಕಾರರ ಭಾನುವಾರ ಬಂದ ದಾರಿ ಬೇರೆ. ಜೋತಿಬಾ ಫುಲೆಯವರ ಜೊತೆಗಾರ, ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಬೇಕೆಂದು 1884ರಿಂದ ಮನವಿ, ಸಭೆ ಎಂದು ಓಡಾಡಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಖಂಡೋಬನ ದಿನ ಎಂಬುದೂ ಅವರ ವಾದದಲ್ಲಿತ್ತು ಎನ್ನುತ್ತಾರೆ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಮಾರನೆಯ ವರ್ಷ, 1891ರಲ್ಲಿ, ಇಂಡಿಯಾದ ಫ್ಯಾಕ್ಟರಿ ಕಾಯ್ದೆಗೆ ವಾರದ ರಜೆ ಸೇರಿತು. ಅದೇ ವರ್ಷ ರೋಮಿನಲ್ಲಿ ಪೋಪ್ 13ನೆಯ ಲಿಯೋ ಕಾರ್ಮಿಕರ ಸ್ಥಿತಿಯ ಬಗ್ಗೆ ಹೊರಡಿಸಿದ ಪತ್ರದಲ್ಲಿ ಭಾನುವಾರದ ಬಿಡುವು ಕಾರ್ಮಿಕನ ಹಕ್ಕಿನ ಮಾತಾಯಿತು. ಮುಂಬಯಿಯ ಮೈಲಾರ ಭಕ್ತರೂ ರೋಮಿನ ಪೋಪೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ದಿನಕ್ಕೆ ಕೈ ಹಾಕಿದ್ದರು. ಮೋಶೆ ಆ ಇಬ್ಬರಲ್ಲಿ ಯಾರನ್ನು ಮೊದಲು ಗುರುತಿಸುತ್ತಿದ್ದನೋ, ನನಗಂತೂ ಲೋಖಂಡೆಯವರೇ ಹತ್ತಿರ ಕಾಣುತ್ತಾರೆ.

ಈಗ ರಜೆ ಇದೆ, ದಿನ ಇಲ್ಲ. ಶಿರಾದಿಂದ ತುಮಕೂರಿನ ಕಡೆಗೆ ಹೋದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ. ಸುತ್ತಿನ ತಾಲ್ಲೂಕುಗಳ ಹುಡುಗ ಹುಡುಗಿಯರು ಅಲ್ಲಿ, ಇಲ್ಲವೇ ಬೆಂಗಳೂರಿನ ಪೀಣ್ಯದಲ್ಲಿ. ಪಾಳಿಯ ಕಾರ್ಖಾನೆಯಲ್ಲಿ ವಾರಕ್ಕೊಂದು 'ಆಫ್' ಸರದಿಯ ಮೇಲೆ ಬರುತ್ತದೆ. ಗಂಡನಿಗೆ ಮಂಗಳವಾರ, ಹೆಂಡತಿಗೆ ಗುರುವಾರ, ಮಗುವಿಗೆ ಭಾನುವಾರ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ದಿನ ಅಂಗಡಿಯನ್ನೇ ಮುಚ್ಚಿಸುತ್ತಿತ್ತು. 2021ರ ಜನವರಿಯ ಆದೇಶ ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಅಂಗಡಿಗಳನ್ನು ವರ್ಷದ ಎಲ್ಲ ದಿನ, ದಿನದ ಎಲ್ಲ ಗಂಟೆ ತೆರೆದಿಡಲು ಬಿಟ್ಟು, ಕೆಲಸಗಾರರ ರಜೆಯನ್ನು ಸರದಿಗೆ ಹಾಕಿತು. ಲೆಕ್ಕದಲ್ಲಿ ಯಾರಿಗೂ ಅನ್ಯಾಯವಾಗಿಲ್ಲ, ಎಲ್ಲರಿಗೂ ವಾರಕ್ಕೊಂದು ರಜೆ ಇದ್ದೇ ಇದೆ.

ಈ ಸರದಿಯ ರಜೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರು ಸ್ಟಾಲಿನ್ ಕಾಲದ ರಷ್ಯನ್ನರು. 1929ರಲ್ಲಿ ಅಲ್ಲಿ ಏಳು ದಿನದ ವಾರವನ್ನೇ ತೆಗೆದು ಐದು ದಿನದ ವಾರ ಮಾಡಿದರು. ಕೆಲಸಗಾರರನ್ನು ಐದು ಗುಂಪು ಮಾಡಿ ದಿನಕ್ಕೊಂದು ಗುಂಪಿಗೆ ರಜೆ. ಯಂತ್ರ ಒಂದು ದಿನವೂ ನಿಲ್ಲುವಂತಿಲ್ಲ, ಜೊತೆಗೆ ಚರ್ಚಿಗೆ ಹೋಗುವ ಭಾನುವಾರವೂ ಮಾಯ. ಏಳಕ್ಕೊಂದರ ಬದಲು ಐದಕ್ಕೊಂದು ರಜೆ ಸಿಕ್ಕಿತು, ಜನ ಕುಣಿಯಬೇಕಿತ್ತು. ಆದರೆ ಹೆಂಡತಿ ಫ್ಯಾಕ್ಟರಿಯಲ್ಲಿ, ಮಕ್ಕಳು ಶಾಲೆಯಲ್ಲಿ, ಗೆಳೆಯರು ಪಾಳಿಯಲ್ಲಿ ಇರುವಾಗ ಒಬ್ಬನೇ ಮನೆಯಲ್ಲಿ ಕೂತು ಏನು ಮಾಡುವುದು ಎಂದು ಗೊಣಗಿದರು. ಎರಡೇ ವರ್ಷಕ್ಕೆ ಅದನ್ನು ಕೈಬಿಟ್ಟು ಆರು ದಿನದ ವಾರಕ್ಕೆ ಬಂದರು, 1940ರಲ್ಲಿ ಏಳು ದಿನದ ವಾರವೂ ಭಾನುವಾರವೂ ತಿರುಗಿ ಬಂದವು. ಸಬ್ಬತ್ ಒಬ್ಬೊಬ್ಬರು ಒಂದೊಂದು ದಿನ ತೆಗೆದುಕೊಳ್ಳುವ ರಜೆಯಲ್ಲ, ಊರಿಗೆ ಊರೇ ನಿಲ್ಲುವ ದಿನ. ಈ ವಿಷಯದಲ್ಲಿ ಶಿರಾದ ಮುಸಲ್ಮಾನರನ್ನು ನೋಡಿ ಕಲಿಯಬೇಕು. ಶುಕ್ರವಾರ ಮಧ್ಯಾಹ್ನ ಮೊಘಲರ ಕಾಲದ, 1696ರ ಜುಮ್ಮಾ ಮಸೀದಿಯಲ್ಲಿ ನಮಾಜಿನ ಹೊತ್ತು. ಕುರ್‌ಆನ್ ಹೇಳುವುದು ದಿನವಿಡೀ ವಿಶ್ರಾಂತಿಯನ್ನಲ್ಲ. ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬನ್ನಿ, ಮುಗಿದ ಮೇಲೆ ಹರಡಿಕೊಂಡು ದುಡಿಯಲು ಹೋಗಿ ಎಂದು. ಚಿಕ್ಕ ಹೊತ್ತು, ಆದರೆ ಎಲ್ಲರೂ ಒಟ್ಟಿಗೆ.

ಒಬ್ಬನೇ ಸಬ್ಬತ್ ಹಿಡಿದರೆ ಆಗುವ ತೊಡಕಿಗೆ ಅಮೆರಿಕದಲ್ಲಿ ಒಂದು ಮೊಕದ್ದಮೆಯೇ ನಡೆಯಿತು. ಜೆರಾಲ್ಡ್ ಗ್ರಾಫ್ ಎಂಬ ಅಂಚೆಯವನು ಕ್ರೈಸ್ತ, ಭಾನುವಾರ ಕೆಲಸ ಮಾಡಲೊಲ್ಲ. ಅಂಚೆ ಇಲಾಖೆ ಅಮೆಜಾನ್ ಪೊಟ್ಟಣಗಳನ್ನು ಭಾನುವಾರ ಹಂಚಲು ಶುರು ಮಾಡಿದ ಮೇಲೆ ತಿಕ್ಕಾಟವಾಗಿ ಕೆಲಸ ಬಿಟ್ಟ. 2023ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ನೌಕರನ ಧಾರ್ಮಿಕ ಆಚರಣೆಗೆ ಅನುವು ಮಾಡಿಕೊಡಲು ಮಾಲೀಕ ಸಣ್ಣಪುಟ್ಟ ಕಷ್ಟದ ನೆಪ ಹೇಳುವಂತಿಲ್ಲ ಎಂದು ಅವನ ಕಡೆ ಒಲಿಯಿತು. ಕ್ರೈಸ್ತ ಪತ್ರಿಕೆಗಳು ಸಂಭ್ರಮಿಸಿದವು. ಅವನು ಹಂಚದ ಪೊಟ್ಟಣಗಳನ್ನು ಹೊತ್ತು ಓಡಿದ ಸಹೋದ್ಯೋಗಿಗಳ ಬಗ್ಗೆ ಆ ಸಂಭ್ರಮದಲ್ಲಿ ಹೆಚ್ಚು ಮಾತಿರಲಿಲ್ಲ. ನನ್ನ ನೊಗ ಇನ್ನೊಬ್ಬನ ಹೆಗಲಿಗೆ ದಾಟಿದರೆ ಅದನ್ನು ಇಳಿಸಿದಂತಾಯಿತೇ? ಗ್ರಾಫ್‌ನ ತಪ್ಪೆಂದಲ್ಲ. ಭಾನುವಾರ ಪೊಟ್ಟಣ ಬೇಕೆಂದು ಆರ್ಡರ್ ಮಾಡಿದವರಲ್ಲಿ ಬೆಳಿಗ್ಗೆ ಚರ್ಚಿಗೆ ಹೋಗಿಬಂದವರೂ ಇದ್ದಿರಬೇಕಲ್ಲ, ಮಾತು ಅವರದು.

ಕಟ್ಟುನಿಟ್ಟಿನ ಭಾನುವಾರದ ಹೆಸರು ಎತ್ತಿದರೆ ಓಟಗಾರ ಎರಿಕ್ ಲಿಡೆಲ್ ಬರಲೇಬೇಕು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂತೆಂದು ಓಡಲಿಲ್ಲ. ಬದಲಿಗೆ 400 ಮೀಟರ್ ಓಡಿ ಚಿನ್ನ ಗೆದ್ದ. ಸಂಡೇ ಸ್ಕೂಲಿನಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಅವನು ಮುಂದೆ ಚೀನಾದಲ್ಲಿ ಮಿಷನರಿಯಾದ. ಎರಡನೆಯ ಮಹಾಯುದ್ಧದಲ್ಲಿ ಜಪಾನಿಯರ ವೇಯ್‌ಶಿಯನ್ ಶಿಬಿರದಲ್ಲಿ ಸೆರೆಯಾಗಿ 1945ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡ. ಆ ಶಿಬಿರದಲ್ಲಿ ತಂದೆತಾಯಿಯಿಂದ ಅಗಲಿದ ಮಕ್ಕಳಿದ್ದರು. ಭಾನುವಾರ ಆಟವಿಲ್ಲವೆಂದು ಮೊದಲು ಅವನೂ ಹೇಳಿದ. ಮಕ್ಕಳು ತಾವೇ ಹಾಕಿ ಆಡಹೋಗಿ ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರ ತಾನೇ ಅಂಗಳಕ್ಕಿಳಿದು ರೆಫರಿಯಾದ. ಚಿನ್ನಕ್ಕಾಗಿ ಮುರಿಯದ ಭಾನುವಾರವನ್ನು ಆ ಹುಡುಗರಿಗಾಗಿ ಮುರಿದ. ಈ ಎರಡನೆಯ ಅರ್ಧವನ್ನೂ ಮಕ್ಕಳಿಗೆ ಹೇಳಬೇಕು.

ಸಭೆಯೂ ತನ್ನ ಕಡೆ ನೋಡಿಕೊಳ್ಳಬೇಕಾದ್ದಿದೆ. ಹಳ್ಳಿಗಾಡಿನ ಸಭಾಪಾಲಕರಿಗೆ ಒಂದೇ ಭಾನುವಾರ ಎರಡು ಮೂರು ಊರು. ಇಲ್ಲೊಂದು ಆರಾಧನೆ, ಅಲ್ಲೊಂದು ನಾಮಕರಣ, ಸಂಜೆ ಯುವಜನರ ಕೂಟ, ನಡುವೆ ಬೈಕಿನ ಮೇಲೆ ಬಿಸಿಲು. ದೇವಾಲಯದಲ್ಲಿ ಯಾಜಕರು ಸಬ್ಬತ್ ಮುರಿದರೂ ತಪ್ಪಿಲ್ಲದವರು ಎಂದು ಯೇಸುವೇ ಹೇಳಿದ್ದಾನೆ, ಸರಿ. ಆದರೆ ಸೋಮವಾರ ಅವರಿಗೆ ಫೋನ್ ಮಾಡದಿರುವಷ್ಟು ಸೌಜನ್ಯ ಎಷ್ಟು ಜನಕ್ಕಿದೆ? ಬಸವಣ್ಣನ ದಿನದಲ್ಲಿ ಪಾದ್ರಿಗೂ ಒಂದು ಪಾಲು ಕೊಡಬಹುದು. ಸಭೆಯ ವಾಟ್ಸ್ಯಾಪ್ ಗುಂಪಂತೂ ಭಾನುವಾರವೇ ಹೆಚ್ಚು ಕಿರುಚುತ್ತದೆ: ವಾಕ್ಯದ ಚಿತ್ರ, ಅದಕ್ಕೆ ನಲವತ್ತು ಕೈಮುಗಿದ ಗುರುತು, ಕಮಿಟಿಯ ಜಗಳ.

ಕೊನೆಯದು ಅಡುಗೆಮನೆ. ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ಆಳು, ದಾಸಿ, ದನ, ಪರದೇಶಿ ಎಲ್ಲರೂ ಇದ್ದಾರೆ, ಹೆಂಡತಿಯ ಹೆಸರಿಲ್ಲ. 'ನೀನು' ಎನ್ನುವುದರಲ್ಲಿ ಅವಳೂ ಸೇರಿದ್ದಾಳೆ ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ನಮ್ಮ ಕ್ರೈಸ್ತ ಮನೆಗಳಲ್ಲಿ ಅವಳು ಸೇರಿಲ್ಲ ಎಂಬುದಕ್ಕೆ ಭಾನುವಾರದ ಊಟವೇ ಸಾಕ್ಷಿ. ವಾರವಿಡೀ ಮುದ್ದೆ ಸಾರು, ಭಾನುವಾರ ಮಾತ್ರ ಕೋಳಿ ಸಾರು, ಅನ್ನ, ಬಂದವರಿಗೆಲ್ಲ ಎಲೆ. ಆರಾಧನೆ ಮುಗಿಯುವ ಮೊದಲೇ ಹಿಂದಿನ ಬೆಂಚಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗುವುದು ಭಕ್ತಿ ಕಮ್ಮಿಯಾಗಿ ಅಲ್ಲ, ಮಸಾಲೆ ಅರೆಯಬೇಕಾಗಿ. ಮನ್ನದ ಕಥೆಯಲ್ಲಿ ಇದಕ್ಕೂ ದಾರಿಯಿದೆ: ಸುಡುವುದನ್ನು, ಬೇಯಿಸುವುದನ್ನು ಹಿಂದಿನ ದಿನವೇ ಮುಗಿಸಿಡಿ ಎಂದು ಮೋಶೆ ಹೇಳುತ್ತಾನೆ. ಯೆಹೂದ್ಯರ ಮನೆಗಳಲ್ಲಿ ಶುಕ್ರವಾರವೇ ಅಡುಗೆ ಮುಗಿಯುವುದು ಹೀಗೆ.

ತುಮಕೂರು ಸೀಮೆಯ ಊಟದಷ್ಟು ಇದಕ್ಕೆ ಒಗ್ಗುವ ಊಟ ಇನ್ನೆಲ್ಲಿದೆ? ಶನಿವಾರ ಸಂಜೆ ಹುರುಳಿ ಬೇಯಿಸಿ ಕಟ್ಟು ಬಸಿದು ಮಾಡಿದ ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ. ರಾತ್ರಿಯ ಮುದ್ದೆ ಉಳಿದರೆ ಬೆಳಿಗ್ಗೆ ಮಜ್ಜಿಗೆಗೆ ಕಿವುಚಿಕೊಂಡು, ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ. ಕೋಳಿ ಬೇಕೇ ಬೇಕು ಎನ್ನುವವರು ಶನಿವಾರವೇ ಕುಯ್ಯಲಿ, ಇಲ್ಲವೇ ಗಂಡಸರೇ ಮಸಾಲೆ ಅರೆಯಲಿ. ನಮ್ಮ ಮನೆಯಲ್ಲಿ ಇದನ್ನು ಜಾರಿಗೆ ತರಹೊರಟಾಗ ಸಬ್ಬತ್ತಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಗಂಡಸರೇ ಮೊದಲು ತಕರಾರು ತೆಗೆದರು. ಭಾನುವಾರ ನೆಂಟರು ಬಂದರೆ ತಂಗಳು ಇಡುವುದೇ, ಮರ್ಯಾದೆ ಏನಾಗಬೇಕು ಎಂದು ಕೇಳಿದರು. ಊರೊಳಗೆ ಬಂದ ಪರದೇಶಿಗೂ ಆಜ್ಞೆ ಅನ್ವಯಿಸುತ್ತದೆ, ಹುರುಳಿ ಸಾರು ಅವರಿಗೂ ಇದೆ, ತಟ್ಟೆ ತೊಳೆಯುವ ಕಲ್ಲು ಹಿತ್ತಿಲಲ್ಲಿದೆ ಎಂದು ಒಳಗಿನಿಂದ ಉತ್ತರ ಬಂತು.